ಕನ್ನಡಿ ಇದ್ದ ಬಣವೆ

ಮೊದಲು ಎಡಗಾಲು ಒಳಗೆ ಹೋಯಿತು. ಅದನ್ನು ಮೇಲಕ್ಕೆಳೆಯಲು ಕಲ್ಲಿನಾಥ ಬಲಗಾಲನ್ನು ಒತ್ತಿ ನಿಂತ. ಆಗ ಬಲಗಾಲೂ ಹೊರಟಿತು.

“ಗುರಮ್ಮಾ! ಹಿಡಿ ನನ್ನ! ನಾ ಒಳಗ ಹೊಂಟೇನಿ!”

ಕೆಳಗೆ ಅಂಗಳದಲ್ಲಿ ಅವನ ಹೆಂಡತಿ ಗುರಮ್ಮ ಜೋಳದ ಒಣದಂಟಿನ, ಕಣಿಕೆಯ, ಸಿವುಡೊಂದನ್ನು ತಲೆಯ ಮೇಲೆತ್ತಿಕೊಂಡು ನಿಂತಿದ್ದಳು. ಬೆಳಗಿನಿಂದ ಹೀಗೇ ನಿಂತು ಅವಳ ಸಹನೆಯೂ ತೋಳುಗಳ ಜೊತೆ ಸೋತಿತ್ತು.

“ಹೋಗ್ರಿ. ಹ್ಯಾಂಗೂ ಹೊರಸು ಒಳಗೇ ಅದ. ಹೋಗಿ ಮಲ್ಕೋರಿ.”

ಹೊರಸು ನಿಜವಾಗಿಯೂ ಒಳಗೇ ಇತ್ತು. ಒಂದಲ್ಲ, ಎರಡು, ಒಂದರ ಮೇಲೊಂದು. ಅದರ ಪಕ್ಕದಲ್ಲಿ ಗುರಮ್ಮ ತವರಿನಿಂದ ತಂದ ಕನ್ನಡಿಯ ಅಲಮಾರಿ, ಮನೆಯ ಅಷ್ಟೂ ಪ್ಲಾಸ್ಟಿಕ್ ಕುರ್ಚಿಗಳು, ತೂತು ಬಿದ್ದ ನೀರಿನ ಟ್ಯಾಂಕು, ಖಾಲಿ ಗೊಬ್ಬರ ಚೀಲಗಳು. ಇವೆಲ್ಲದರ ಮೇಲೆ ತಾಡಪತ್ರಿ. ತಾಡಪತ್ರಿಯ ಮೇಲೆ ಒಂದೇ ಒಂದು ವರಸೆ ಕಣಿಕೆ. ದೂರದಿಂದ ನೋಡಿದವರಿಗೆ ಅದು ಅತನೂರಿನಲ್ಲೇ ಎಲ್ಲಕ್ಕಿಂತ ದೊಡ್ಡ ಬಣವೆ. ಹತ್ತಿರದಿಂದ ಯಾರೂ ನೋಡಬಾರದು ಎಂಬುದೇ ಯೋಜನೆ.

ಯೋಜನೆ ಪೂರ್ತಿ ಕಲ್ಲಿನಾಥನದು. ಅವನ ಯೋಜನೆಗಳು ಸಾಮಾನ್ಯವಾಗಿ ಬೆಳಿಗ್ಗೆ ಹುಟ್ಟಿ ಮಧ್ಯಾಹ್ನದೊಳಗೆ ಸಾಯುತ್ತವೆ. ಇದು ಮಧ್ಯಾಹ್ನದವರೆಗೂ ಬದುಕಿದ್ದು ಅವನಿಗೇ ಆಶ್ಚರ್ಯ.

ಸಂಗತಿ ಇಷ್ಟೇ. ಜೇವರ್ಗಿಯ ದೌಲತರಾಯರು ಮಗಳು ವಿದ್ಯಾವತಿಯನ್ನು ಕರೆದುಕೊಂಡು ಅಂದು ಮನೆ ನೋಡಲು ಬರುವವರಿದ್ದರು. ಕಲ್ಲಿನಾಥನ ಮಗ ಭಗವಂತನನ್ನು ನೋಡಿಯಾಗಿತ್ತು. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಯೂ ಆಗಿತ್ತು. ಮನೆ ಒಪ್ಪಿಗೆಯಾದರೆ ಮುಗಿಯಿತು. ಆಗದಿದ್ದರೂ ಮುಗಿಯಿತು, ಏಕೆಂದರೆ ಭಗವಂತ ಒಕ್ಕಲುತನ ಮಾಡುತ್ತಾನೆ ಎಂದು ಕೇಳಿದ ಮೇಲೂ ಫೋನು ಇಡದೆ ಮುಂದೆ ಮಾತಾಡಿದ ಮೊದಲ ಮನೆತನ ಅದು. ಎರಡನೆಯದು ಸಿಗುವ ಹೊತ್ತಿಗೆ ಅವನ ತಲೆಯ ಮೇಲೆ ಕೂದಲು ಇರುತ್ತದೆಂಬ ಭರವಸೆ ಅವನ ತಾಯಿಗೂ ಇರಲಿಲ್ಲ.

ಸಂಬಂಧ ಜೋಡಿಸಿದವನು ಬಾಜೂಮನೆಯ ಚಂದ್ರಾಮ. ಹಿಂದಿನ ದಿನ ಅವನೇ ಬಂದು ಬಾಂಬು ಹಾಕಿದ್ದ: “ಕಲ್ಲಣ್ಣ, ದೌಲತರಾಯ ಹಳೇ ಕಾಲದ ಮನಷ್ಯಾ. ಗ್ವಾಡಿ ನೋಡಂಗಿಲ್ಲ, ಟೀವಿ ನೋಡಂಗಿಲ್ಲ. ಬಣವಿ ನೋಡತಾನ. ಬಣವಿ ಎಷ್ಟು ಉದ್ದ, ಮನಿತನ ಅಷ್ಟು ದೊಡ್ಡದು ಅಂತಾನ.”

ಆ ಕಡೆಯ ಹಿರಿಯರ ಲೆಕ್ಕ ಇದು. ಬಣವೆ ದೊಡ್ಡದಿದ್ದರೆ ಹೊಲ ದೊಡ್ಡದು, ದನ ಬಹಳ, ಮನೆಯಲ್ಲಿ ಹಾಲು ಮೊಸರು ತುಂಬಿ ತುಳುಕುತ್ತದೆ. ಹೆಣ್ಣು ಕೊಡುವವರು ಮೊದಲು ಹಿತ್ತಲಿಗೆ ಹೋಗಿ ಬಣವೆಯನ್ನು ಹೆಜ್ಜೆಯಲ್ಲಿ ಅಳೆದು, ಆಮೇಲೆ ಒಳಗೆ ಬಂದು ಚಹಾ ಕುಡಿಯುತ್ತಿದ್ದರು. ಬಣವೆ ಸಣ್ಣದಿದ್ದರೆ ಚಹಾದ ಹೊತ್ತಿಗೆ ಅವರಿಗೆ ಅರ್ಜೆಂಟು ಕೆಲಸ ನೆನಪಾಗುತ್ತಿತ್ತು.

ಕಲ್ಲಿನಾಥನ ಅಂಗಳದಲ್ಲಿ ಸಣ್ಣ ಬಣವೆಯೂ ಇರಲಿಲ್ಲ. ಕಾರಣ ಭಗವಂತ. ಅವನು ಎರಡು ವರ್ಷದ ಹಿಂದೆ ಮನೆಯ ಎತ್ತು ಎಮ್ಮೆ ಎಲ್ಲ ಮಾರಿ, ಹೊಲದಲ್ಲಿ ಉಳಿದ ದಂಟು ಕಸವನ್ನು ಅಲ್ಲೇ ಪುಡಿ ಮಾಡುವ ಯಂತ್ರವೊಂದನ್ನು ತಂದು ಟ್ರ್ಯಾಕ್ಟರಿಗೆ ಕಟ್ಟಿದ. ಜೋಳದ ಕಣಿಕೆ, ತೊಗರಿ ಕಟ್ಟಿಗೆ ಎಲ್ಲ ಪುಡಿಯಾಗಿ ಹೊಲದಲ್ಲೇ ಮಲಗಿತು. ಊರು ಅದನ್ನು ನೋಡಿ, ಕಲ್ಲಿನಾಥನ ಮಗನಿಗೆ ಕಣಿಕೆ ಹೊತ್ತು ತರುವಷ್ಟೂ ಮೈಯಲ್ಲಿ ಶಕ್ತಿ ಇಲ್ಲ ಎಂದು ತೀರ್ಮಾನಿಸಿತು. ಇಂದು ಈ ಹೊತ್ತಿಗೆ ಆ ಮಗ ಅಫಜಲಪುರದ ಕಡೆ ಕಬ್ಬಿನ ಹೊಲಗಳಲ್ಲಿ ಇದೇ ಯಂತ್ರ ಹೊಡೆಯುತ್ತಿದ್ದ. ಬೀಗರು ಬರುವಷ್ಟರಲ್ಲಿ ಬರುತ್ತೇನೆ ಎಂದಿದ್ದ. ಅಂಗಳದಲ್ಲಿ ಒಂದು ಬಣವೆ ಹುಟ್ಟಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ದನ ಮಾರಿದ ಮರುದಿನ ಇನ್ನೊಂದು ಘಟನೆ ನಡೆದಿತ್ತು. ದನಗಳಿಗೆಂದು ನಸುಕಿನಲ್ಲೇ ಏಳುತ್ತಿದ್ದ ಗುರಮ್ಮ ಬಿಸಿಲು ಮುಖದ ಮೇಲೆ ಬೀಳುವವರೆಗೂ ಮಲಗಿದ್ದಳು. ಮದುವೆಯಾದಾಗಿನಿಂದ ಅಂಥದ್ದನ್ನು ನೋಡಿರದ ಕಲ್ಲಿನಾಥ ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡಿದ. ಅವನ ಬಳಿ ಇದ್ದದ್ದು ಒಂದೇ ಡಾಕ್ಟರ ನಂಬರು, ದನದ ದವಾಖಾನೆಯ ಏಜಾಜ ಸಾಹೇಬರದು. ಅವರು ಓಡಿ ಬಂದು, ಗುರಮ್ಮನನ್ನು ಬಾಗಿಲಲ್ಲೇ ನಿಂತು ನೋಡಿ, “ಇದು ಬ್ಯಾನಿ ಅಲ್ಲ ಕಾಕಾ, ಇದಕ್ಕ ನಿದ್ದಿ ಅಂತಾರ” ಎಂದು ಹೇಳಿ ಹೋಗಿದ್ದರು.

ಅದಿರಲಿ. ಕಲ್ಲಿನಾಥ ಹೇಗೋ ಎರಡೂ ಕಾಲುಗಳನ್ನು ಹೊರಗೆಳೆದುಕೊಂಡು ಕೆಳಗಿಳಿದ. ಚಂದ್ರಾಮ ಕೊನೆಯ ಸಿವುಡುಗಳನ್ನು ಹೊತ್ತು ಬಂದ. ಹೊರಗಿನ ವರಸೆಯ ಕಣಿಕೆ ಅಷ್ಟೂ ಅವನದೇ, ಒಂದು ದಿನದ ಸಾಲ.

“ಸಂಜಿಕ ವಾಪಸ್ ಬೇಕು ನೋಡಪ್ಪ. ನನ್ನ ಎಮ್ಮಿ ಮುಂಜಾನಿಂದ ನನ್ನ ಮಾರಿ ನೋಡಾಕತ್ತದ.”

“ಒಂದು ಹೊತ್ತು ತಡಕೋ ಅಂತ ಹೇಳಲೇ ಅದಕ್ಕ.”

“ನೀನೇ ಹೇಳು. ಹಿಂದ ಬಂದದ.”

ಎಮ್ಮೆ ಬಂದಿತ್ತು. ಹಗ್ಗ ಕಿತ್ತುಕೊಂಡು, ತನ್ನ ಮೇವು ಹೋದ ದಾರಿಯಲ್ಲೇ ನಡೆದು, ಬಣವೆಯ ಮುಂದೆ ನಿಂತು, ಕಳೆದುಹೋದ ಬಂಧುವನ್ನು ಗುರುತು ಹಿಡಿದಂತೆ ಒಂದು ಸಿವುಡು ಜಗ್ಗಿತು. ಅಷ್ಟರಲ್ಲಿ ಬೀದಿಯಲ್ಲಿ ಗಾಡಿಯ ಹಾರ್ನು ಕೇಳಿತು. ಜೇವರ್ಗಿ ಬಂದುಬಿಟ್ಟಿತ್ತು.

ದೌಲತರಾಯರು ಇಳಿದವರೇ ಮನೆಯ ಕಡೆ ನೋಡಲಿಲ್ಲ. ಕಲ್ಲಿನಾಥನ ಕಡೆಯೂ ನೋಡಲಿಲ್ಲ. ತಲೆಯ ಪಟಗದ ಅಂಚು ಸರಿಮಾಡಿಕೊಂಡು, ಗುಡಿಗೆ ಬಂದವರಂತೆ ನೇರ ಬಣವೆಯ ಮುಂದೆ ಹೋಗಿ ನಿಂತರು.

“ಭಪ್ಪರೇ!” ಎಂದರು. “ಹಿಂಥಾ ಬಣವಿ ನೋಡಿ ಎಷ್ಟು ವರ್ಷ ಆಯ್ತು. ನಾ ಕಣಿಕಿಗೆ ಆಳಂದ ವ್ಯಾಪಾರಿ ಕಾಲು ಹಿಡಿಬೇಕು. ನೀವು ನೋಡಿದ್ರ ಗುಡ್ಡಾ ಒಟ್ಟೀರಿ!”

“ಎಲ್ಲಾ ನಿಮ್ಮ ಆಶೀರ್ವಾದ್ರಿ,” ಎಂದ ಕಲ್ಲಿನಾಥ, ಅವರಿಗೂ ಬಣವೆಗೂ ನಡುವೆ ತನ್ನ ಮೈ ಚಾಚಿ. ದೌಲತರಾಯರು ಎಡಕ್ಕೆ ಸರಿದರೆ ಅವನೂ ಸರಿದ. ಬಲಕ್ಕೆ ಸರಿದರೆ ಅವನೂ ಸರಿದ. ಕಬಡ್ಡಿ ಆಡುತ್ತಿರುವಂತೆ ಕಂಡರೂ ಬೀಗರು ಅದನ್ನು ವಿನಯ ಎಂದುಕೊಂಡರು.

ಹಿಂದೆ ಇಳಿದ ವಿದ್ಯಾವತಿ ಬಣವೆಯನ್ನು ನೋಡಿದಳು. ಅವಳ ಮುಖ ಅಲ್ಲೇ ಬಾಡಿತು.

ಕಲ್ಲಿನಾಥನಿಗೆ ಗೊತ್ತಿಲ್ಲದ, ಓದುಗರಿಗೆ ಗೊತ್ತಿರಬೇಕಾದ ಸಂಗತಿ ಇದು. ವಿದ್ಯಾವತಿ ಜೇವರ್ಗಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅದಕ್ಕೂ ಮುಂಚೆ, ಕೋಳಿ ಕೂಗುವ ಹೊತ್ತಿಗೆ, ತಂದೆಯ ಹದಿನಾಲ್ಕು ಎಮ್ಮೆಗಳ ಸೆಗಣಿ ಬಳಿಯುತ್ತಾಳೆ. ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದರೂ ಗಿರಾಕಿಗಳು ಚಿಲ್ಲರೆ ತೆಗೆದುಕೊಳ್ಳುವಾಗ ಮೂಗು ಅರಳಿಸುತ್ತಾರೆಂದು ಅವಳಿಗೆ ಅನುಮಾನ. ಭಗವಂತನಿಗೆ ಫೋನಿನಲ್ಲಿ ಅವಳು ಹಾಕಿದ್ದು ಒಂದೇ ಷರತ್ತು, ಮನೆಯಲ್ಲಿ ದನ ಇರಬಾರದು. “ನಮ್ಮ ಮನ್ಯಾಗ ಒಂದು ಕೋಳಿನೂ ಇಲ್ಲ” ಎಂದು ಅವನು ಆಣೆ ಮಾಡಿದ್ದ. ಈಗ ಅವಳ ಎದುರು ಗುಡ್ಡದಷ್ಟು ಕಣಿಕೆ ಇತ್ತು. ಗುಡ್ಡದ ಬುಡದಲ್ಲಿ ಒಂದು ಎಮ್ಮೆ ಮೇಯುತ್ತಿತ್ತು.

“ಎಮ್ಮಿ ಎಷ್ಟು ಅದಾವ್ರಿ?” ಎಂದರು ದೌಲತರಾಯರು.

ಚಂದ್ರಾಮ ತನ್ನದೆಂದು ಹೇಳಲು ಬಾಯಿ ತೆರೆದ. ಕಲ್ಲಿನಾಥ ಅವನ ಕಾಲು ತುಳಿದ. ಇಷ್ಟು ದೊಡ್ಡ ಬಣವೆಗೆ ಒಂದೇ ಎಮ್ಮೆ ಎಂದರೆ ಯಾರು ನಂಬುತ್ತಾರೆ? ಬಣವೆಯ ಉದ್ದ ನೋಡಿ, ಮನಸ್ಸಿನಲ್ಲೇ ಭಾಗಿಸಿ, “ಹನ್ನೆರಡ್ರಿ” ಎಂದ. “ಉಳಿದಾವು ಭೀಮಾ ಹೊಳಿ ದಂಡಿಗೆ ಮೇಯಾಕ ಹೋಗ್ಯಾವ. ಇದಕ್ಕ ಕಾಲು ನೋವು, ಅದಕ್ಕ ರಜಾ ಕೊಟ್ಟೇವಿ.”

“ಹನ್ನೆರಡು!” ದೌಲತರಾಯರ ದನಿ ಭಕ್ತಿಯಿಂದ ನಡುಗಿತು.

“ಹನ್ನೆರಡು,” ಎಂದಳು ವಿದ್ಯಾವತಿ ಬೇರೆ ದನಿಯಲ್ಲಿ. ಆಮೇಲೆ ಗುರಮ್ಮನ ಕಡೆ ತಿರುಗಿದಳು. “ಅತ್ತಿ, ಸೆಗಣಿ ಯಾರು ಬಳಿತಾರ್ರಿ?”

ಗುರಮ್ಮ ಗಂಡನನ್ನು ಸುಡುವಂತೆ ನೋಡಿ, ಇರುವ ಸಂಗತಿ ಹೇಳಿಬಿಡಬೇಕೆಂದು ಗಂಟಲು ಸರಿಮಾಡಿಕೊಂಡಳು. ಆದರೆ ಕಲ್ಲಿನಾಥನಿಗೆ ಈ ಪ್ರಶ್ನೆಯಲ್ಲಿ ಹುಡುಗಿಯ ಸಂಸ್ಕಾರ ಕಂಡಿತು. ಎಂಥ ಮನೆತನದ ಮಗಳು, ಬಂದ ಕೂಡಲೇ ಕೆಲಸ ಕೇಳುತ್ತಾಳೆ!

“ನೀ ಚಿಂತಿ ಮಾಡಬ್ಯಾಡವ್ವ! ನಮ್ಮ ಮನ್ಯಾಗ ಲಕ್ಷ್ಮಿ ಕೆಲಸ ಆಳಿಗೆ ಕೊಡೋದಿಲ್ಲ. ಸೊಸೀಗೇ ಬಿಡ್ತೇವಿ. ಹನ್ನೆರಡಕ್ಕ ಹನ್ನೆರಡೂ ನಿನ್ನವೇ ಅಂತ ತಿಳ್ಕೋ!”

ವಿದ್ಯಾವತಿ ತಂದೆಯ ಅಂಗಿ ಜಗ್ಗಿ ಏನೋ ಹೇಳಿದಳು. ದೌಲತರಾಯರು ತಲೆ ಅಲ್ಲಾಡಿಸಿದರು. ಅವಳು ಇನ್ನೊಮ್ಮೆ ಜಗ್ಗಿದಳು. ಕಲ್ಲಿನಾಥ ತಿರುಗಿ ಬಣವೆಯ ಉದ್ದವನ್ನು ಮತ್ತೆ ಕಣ್ಣಲ್ಲೇ ಅಳೆದ. ಬಣವೆ ಸಣ್ಣದಾಯಿತೇ? ಹದಿನೈದು ಎನ್ನಬೇಕಿತ್ತೇ?

“ಕೂಡ್ರಿ ಕೂಡ್ರಿ, ಮೊದಲ ಕೂಡ್ರಿ!” ಎಂದ ಗಡಿಬಿಡಿಯಲ್ಲಿ.

“ಎಲ್ಲಿ ಕೂಡೋದ್ರಿ?”

ಎಲ್ಲರೂ ಅಂಗಳ ನೋಡಿದರು, ಪಡಸಾಲೆ ನೋಡಿದರು. ಕುರ್ಚಿ ಇಲ್ಲ, ಹೊರಸು ಇಲ್ಲ. ಇಡೀ ಮನೆಯಲ್ಲಿ ಕೂರಲು ಯೋಗ್ಯವಾದ ವಸ್ತುಗಳೆಲ್ಲ ಬಣವೆಯ ಹೊಟ್ಟೆಯಲ್ಲಿದ್ದವು.

“ನಾವು ನೆಲದ ಮ್ಯಾಲೇ ಕೂಡೋ ಮಂದ್ರಿ. ಭೂಮಿತಾಯಿ ಮುಂದ ಕುರ್ಚಿ ಏನು ದೊಡ್ಡದ್ರಿ?” ಎಂದ ಕಲ್ಲಿನಾಥ. ಜೇವರ್ಗಿಯ ಬಿಳಿ ಧೋತರ ಅತನೂರಿನ ಕಟ್ಟೆಯ ಮಣ್ಣಿನ ಮೇಲೆ ಕೂತಿತು.

ಆಗ ಗೇಟು ತೆರೆದು ಏಜಾಜ ಸಾಹೇಬರು ಬಂದರು. ಕೈಯಲ್ಲಿ ಐಸಿನ ಡಬ್ಬಿ. ಕಾಲುಬಾಯಿ ರೋಗದ ಲಸಿಕೆ ಹಾಕುತ್ತ ಓಣಿ ಓಣಿ ತಿರುಗುತ್ತಿದ್ದವರು ಚಂದ್ರಾಮನ ಎಮ್ಮೆಯನ್ನು ಹುಡುಕಿಕೊಂಡು ಬಂದಿದ್ದರು.

“ಬರ್ರಿ ಸಾಹೇಬ್ರ!” ದೌಲತರಾಯರು ಆಗಲೇ ಮನೆಯವರಂತೆ ಕರೆದರು. “ನಮ್ಮ ಬೀಗರವು ಹನ್ನೆರಡು ಎಮ್ಮಿ ಅದಾವ. ಎಲ್ಲಕ್ಕೂ ಹಾಕೇ ಹೋಗ್ರಿ.”

ಏಜಾಜ ಡಬ್ಬಿ ಕೆಳಗಿಟ್ಟರು. “ಹನ್ನೆರಡು? ಈ ಮನ್ಯಾಗ?”

ಕಲ್ಲಿನಾಥ ಕಣ್ಣು ಮಿಟುಕಿಸಿದ.

“ಕಾಕಾ, ಕಣ್ಣಿಗೆ ಏನಾಯ್ತು? ತೋರಸ್ರಿ, ನೋಡ್ತೇನಿ.”

“ಏನಿಲ್ರಿ, ಧೂಳು.”

“ಎರಡೂ ಕಣ್ಣಾಗ?” ಏಜಾಜರು ಹತ್ತಿರ ಬಂದು ಅವನ ರೆಪ್ಪೆ ಮೇಲೆತ್ತಿ ನೋಡಿದರು. “ಎರಡು ವರ್ಷದಾಗ ಈ ಅಂಗಳದಾಗ ನಾ ಒಂದು ಸೂಜಿನೂ ಚುಚ್ಚಿಲ್ಲಲ್ಲ. ಕಡೀಕ ಬಂದಿದ್ದು ಗುರಮ್ಮ ಕಾಕು ನಿದ್ದಿ ಹತ್ತಿ ಮಲಗಿದಾಗ.”

“ಕಾಕುಗೆ ದನದ ಡಾಕ್ಟರ್ ಯಾಕ?” ಎಂದರು ದೌಲತರಾಯರು.

ಕಲ್ಲಿನಾಥ ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದ. “ಗುರಮ್ಮಾ, ಚಹಾ!”

ಗುರಮ್ಮ ಒಳಗೆ ಹೋದಳು. ಪಾತ್ರೆ ಕುದಿಯುವ ಸದ್ದು ಕೇಳಿತು. ಆಮೇಲೆ ಏನನ್ನೋ ಹುಡುಕಿ ತಡಕಾಡುವ ಸದ್ದು. ಕೊನೆಗೆ ಅವಳು ಬರಿಗೈಯಲ್ಲಿ ಹೊರಗೆ ಬಂದಳು. ಯಾರನ್ನೂ ನೋಡದೆ ಅಂಗಳ ದಾಟಿ, ಬಣವೆಯ ಹತ್ತಿರ ಹೋಗಿ, ಮೊಣಕಾಲೂರಿ, ತೋಳನ್ನು ಭುಜದವರೆಗೆ ಕಣಿಕೆಯೊಳಗೆ ತೂರಿಸಿದಳು. ಒಳಗೆ ಏನೋ ಕಿರ್ರ್ ಎಂದು ತೆರೆಯಿತು. ಅವಳು ಒಂದು ಕಪ್ಪು ಹೊರಗೆ ತೆಗೆದಳು. ಆಮೇಲೆ ಒಂದು ಬಸಿ. ಮತ್ತೊಂದು ಕಪ್ಪು. ಮತ್ತೊಂದು ಬಸಿ. ಹೂವಿನ ಚಿತ್ತಾರದವು, ಬೀಗರು ಬಂದಾಗ ಮಾತ್ರ ಹೊರಬರುವವು.

ಎಮ್ಮೆ ಇನ್ನೊಂದು ಸಿವುಡು ಜಗ್ಗಿತು.

“ಬಣವಿಯೊಳಗ ಕಪ್ಪು ಬಸಿ?” ಎಂದರು ದೌಲತರಾಯರು.

“ಹಳೇ ಪದ್ಧತ್ರಿ,” ಎಂದ ಕಲ್ಲಿನಾಥ. “ಕಣಿಕ್ಯಾಗ ಇಟ್ರ ಪಿಂಗಾಣಿ ತಂಪು ಇರ್ತದ.”

ಸುಳ್ಳು ಇಲ್ಲಿಗೆ ತನ್ನ ಎತ್ತರದ ತುದಿ ಮುಟ್ಟಿತ್ತು. ಇನ್ನು ಇಳಿಯುವುದೊಂದೇ ಬಾಕಿ. ಇಳಿಸಲು ಆ ಹೊತ್ತಿಗೆ ಸರಿಯಾಗಿ ಟ್ರ್ಯಾಕ್ಟರು ಬಂತು. ಮೈತುಂಬ ಕಬ್ಬಿನ ಒಣಗರಿಯ, ರವದಿಯ, ಪುಡಿ ಮೆತ್ತಿಕೊಂಡ ಭಗವಂತ ಕೆಳಗೆ ಹಾರಿ, ಮಾವನವರಿಗೆ ಕೈ ಮುಗಿದು, ಹುಡುಗಿಯನ್ನು ನೋಡಿ ನಕ್ಕು, ಆಮೇಲೆ ತಲೆಯೆತ್ತಿ ನಿಂತುಬಿಟ್ಟ.

“ಅಪ್ಪಾ, ಇದ್ಯಾರ ಬಣವಿ?”

ಕಲ್ಲಿನಾಥ ಎರಡೂ ಕಣ್ಣು ಮಿಟುಕಿಸಿದ.

“ಅಪ್ಪಾ, ಕಣ್ಣಿಗೆ ಏನಾಯ್ತು?”

“ನಾ ನೋಡೇನಿ, ಏನೂ ಆಗಿಲ್ಲ,” ಎಂದರು ಏಜಾಜ.

ವಿದ್ಯಾವತಿ ಎದ್ದು ನಿಂತಳು. “ಭಗವಂತ ಅವ್ರೇ, ಕೋಳಿನೂ ಇಲ್ಲಂದ್ರಿ. ನಿಮ್ಮ ಅಪ್ಪಾರು ಹನ್ನೆರಡು ಎಮ್ಮಿ ಅಂತಾರ. ಯಾರ ಮಾತು ಖರೆ?”

“ಎಮ್ಮಿ? ಯಾವ ಎಮ್ಮಿ? ಇದು ಚಂದ್ರಾಮ ಕಾಕಾಂದು.”

“ಮತ್ತ ಈ ಬಣವಿ?”

“ಮುಂಜಾನಿ ಇರಲಿಲ್ಲ... ಅಂದ್ರ, ಮೊನ್ನಿ ನಾ ಹೋಗೋವಾಗ ಇರಲಿಲ್ಲ.”

ವಿದ್ಯಾವತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಡಬ್ಬಿಯ ಮೇಲಿನ ಚೀಟಿ ನಂಬದೆ ಒಳಗಿನದನ್ನು ನೋಡುವುದು ಅವಳ ಅಭ್ಯಾಸ. ಅವಳು ಬಣವೆಯ ಹತ್ತಿರ ನಡೆದಳು. ಕಲ್ಲಿನಾಥ ಕಬಡ್ಡಿಗೆ ಎದ್ದ. ಆದರೆ ಗುರಮ್ಮ ಚಹಾದ ಕಪ್ಪನ್ನು ಅವನ ಕೈಗೆ ತುರುಕಿ, “ಕೂಡ್ರಿ ಸುಮ್ಮ” ಎಂದಳು. ಅದೇ ಕ್ಷಣ ಎಮ್ಮೆ ಒಂದು ಬದಿಯಿಂದ, ವಿದ್ಯಾವತಿ ಇನ್ನೊಂದು ಬದಿಯಿಂದ ಒಂದೊಂದು ಸಿವುಡು ಎಳೆದರು.

ಒಂದೇ ವರಸೆ ಇತ್ತಲ್ಲ, ಅದು ಜಾರಿತು. ತಾಡಪತ್ರಿಯೂ ಜೊತೆಗೇ ಜಾರಿತು. ಧೂಳು ಇಳಿದ ಮೇಲೆ ನೋಡಿದರೆ ಬಣವೆಯ ಒಳಗೆ ಒಬ್ಬ ಹುಡುಗಿ ನಿಂತಿದ್ದಳು. ತಲೆಯಲ್ಲಿ ಹೊಟ್ಟು, ಕೈಯಲ್ಲಿ ಸಿವುಡು, ಬಾಯಿ ಅರ್ಧ ತೆರೆದು, ವಿದ್ಯಾವತಿಯಂತೆಯೇ ಇದ್ದಳು. ಅಲಮಾರಿಯ ಕನ್ನಡಿ ಅದು. ಕನ್ನಡಿಯ ಹಿಂದೆ ಹೊರಸುಗಳು, ಹೊರಸಿನ ಮೇಲೆ ಕುರ್ಚಿಗಳು, ಕುರ್ಚಿಗಳ ಮೇಲೆ ಟ್ಯಾಂಕು. ಒಂದು ಇಡೀ ಸಂಸಾರ ತಲೆ ತಪ್ಪಿಸಿಕೊಂಡು ಕೂತಿದ್ದು ಸಿಕ್ಕಿಬಿದ್ದಂತೆ ಕಾಣುತ್ತಿತ್ತು.

ಮೊದಲು ಕನ್ನಡಿಯೊಳಗಿನ ಹುಡುಗಿ ನಕ್ಕಳು, ಇಲ್ಲವೇ ಹೊರಗಿನವಳು. ಇಬ್ಬರೂ ನಿಲ್ಲಿಸದೆ ನಕ್ಕರು.

“ಇದೇನ್ರಿ ಇದು?” ದೌಲತರಾಯರು ಎದ್ದರು. ಧೋತರದ ಹಿಂಬದಿಯಲ್ಲಿ ಅತನೂರು ಅಂಟಿತ್ತು. “ಟೊಳ್ಳು ಬಣವಿ ತೋರಿಸಿ ಹೆಣ್ಣು ಕೇಳ್ತೀರೇನು? ನಮ್ಮ ಇಜ್ಜತ್ ಏನಾಗಬೇಕು? ಚಂದ್ರಾಮ, ಇದು ನಿನಗ ಗೊತ್ತಿತ್ತೇನಲೇ?”

ಚಂದ್ರಾಮ ತನ್ನ ಎಮ್ಮೆಯ ಹಗ್ಗ ಹಿಡಿದು, ಅದರ ಹಿಂದೆ ಮರೆಯಾಗಲು ನೋಡಿದ. “ಕಣಿಕಿ ಅಷ್ಟೇ ನಂದು ರಾಯರ. ಅಲಮಾರಿ ನಂದಲ್ಲ.”

ಕಲ್ಲಿನಾಥ ಕಪ್ಪು ಬಸಿ ಹಿಡಿದುಕೊಂಡೇ ನೆಲಕ್ಕೆ ಕುಸಿದ. ಅವನ ಮುಖ ನೋಡಿದರೆ ಯಾರಿಗಾದರೂ ಕರುಣೆ ಬರುವಂತಿತ್ತು. “ನಂದೇ ತಪ್ಪು ರಾಯರ. ಬೈರಿ, ಹೊಡಿರಿ. ಹುಡಗಗ ಇದರಾಗಿನ ಏನೂ ಗೊತ್ತಿಲ್ಲ. ಖಾಲಿ ಅಂಗಳ ನೋಡಿ ನೀವು ತಿರುಗಿ ಹೋಗ್ತೀರಿ ಅಂತ ಅಂಜಿದೆ. ಈ ಹುಡುಗಾ ಕಣಿಕಿ ಎಲ್ಲಾ ಹೊಲದಾಗೇ ಪುಡಿ ಮಾಡಿ ಬಿಡತಾನ. ನನ್ನ ಮಾತು ಕೇಳಂಗಿಲ್ಲ.”

“ಯಾಕ ಹಂಗ ಮಾಡ್ತೀಯಪ್ಪ?” ದೌಲತರಾಯರು ಭಗವಂತನ ಕಡೆ ತಿರುಗಿದರು. ಸಿಟ್ಟಿನೊಳಗೂ ಅವರಿಗೆ ಮೇವು ಹಾಳಾಗುವುದನ್ನು ಸಹಿಸಲಾಗಲಿಲ್ಲ.

“ಮಾವಾರ, ಕಣಿಕಿ ಕೀಳಾಕ ಆಳು, ಸಿವುಡು ಕಟ್ಟಾಕ ಆಳು, ಹೇರಾಕ ಗಾಡಿ, ಒಟ್ಟಾಕ ಮತ್ತ ಆಳು. ಇಷ್ಟು ಮಾಡಿದ ಮ್ಯಾಲ ದನ ಇದ್ದೋರಿಗೆ ಅದು ಮೇವು. ದನ ಇಲ್ಲದೋರಿಗೆ ಬರೇ ಶೃಂಗಾರ. ನಾ ಪುಡಿ ಮಾಡಿ ಬಿಟ್ರ ಹೊಲಾ ತಿಂತದ. ಮಣ್ಣು ಲಗೂನ ಒಣಗಂಗಿಲ್ಲ, ಮೊದಲಿನಷ್ಟು ಗೊಬ್ಬರ ಕೇಳಂಗಿಲ್ಲ. ಅಫಜಲಪುರ ಕಡೆ ಕಬ್ಬು ಕಡದು ರವದಿಗೆ ಬೆಂಕಿ ಹಚ್ಚತಿದ್ರು. ಈಗ ನನ್ನ ಕರಿತಾರ, ಬಾಡಿಗಿ ಕೊಡ್ತಾರ. ಅಪ್ಪಗ ಅದು ಕಾಣಂಗಿಲ್ಲ. ಅಂಗಳದಾಗ ಒಟ್ಟಿದ್ರ ಅಷ್ಟೇ ಕಾಣ್ತದ.”

“ಹೌದ್ರಿ,” ಎಂದರು ಏಜಾಜ ಎಮ್ಮೆಗೆ ಸೂಜಿ ಚುಚ್ಚುತ್ತ. “ಆದ್ರ ಎಲ್ಲಾರೂ ಹಿಂಗ ಮಾಡಿದ್ರ ನನ್ನ ನೌಕರಿ ಹೋಗ್ತದ.”

ದೌಲತರಾಯರು ಇನ್ನೇನೋ ಹೇಳುವವರಿದ್ದರು. ವಿದ್ಯಾವತಿ ಕಣ್ಣು ಒರೆಸಿಕೊಂಡು ತಂದೆಯ ಮುಂದೆ ಬಂದಳು.

“ಅಪ್ಪಾ, ನಮ್ಮ ಲೆಕ್ಕ ಹೇಳಲೇನು? ಹಾಲಿನ ರೊಕ್ಕ ಎಲ್ಲಾ ಕಣಿಕಿಗೆ ಹೋಗ್ತದ. ನಾವು ಎಮ್ಮಿ ಸಾಕಿಲ್ಲ, ಎಮ್ಮಿ ನಮ್ಮನ್ನ ಸಾಕಿಲ್ಲ. ಇಬ್ರೂ ಕೂಡಿ ಆಳಂದ ವ್ಯಾಪಾರಿನ ಸಾಕಾಕತ್ತೇವಿ.”

“ಮಂದಿ ಮುಂದ ಹಂಗ ಅನಬ್ಯಾಡಬೇ,” ಎಂದರು ದೌಲತರಾಯರು. ಆದರೆ ಅವರ ದನಿಯಲ್ಲಿ ವಾದ ಇರಲಿಲ್ಲ. ಪ್ರತಿ ತಿಂಗಳು ಅದೇ ಲೆಕ್ಕ ಮಾಡಿ ಅರ್ಧಕ್ಕೆ ನಿಲ್ಲಿಸುವವರ ದನಿ ಅದು.

“ಬಣವಿ ಖರೇನೇ ಇದ್ದಿದ್ರ ನಾ ಇಷ್ಟೊತ್ತಿಗೆ ಗಾಡ್ಯಾಗ ಕೂತಿರ್ತಿದ್ದೆ,” ಎಂದಳು ವಿದ್ಯಾವತಿ. “ಟೊಳ್ಳು ಅಂತ ಗೊತ್ತಾಗಿ ಜೀವ ಬಂತು. ನನಗ ಈ ಮನಿ ಒಪ್ಪಿಗಿ ಅದ.”

ಕಲ್ಲಿನಾಥನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಡೀ ಬೆಳಿಗ್ಗೆ ಬೆವರು ಸುರಿಸಿ ಕಟ್ಟಿದ್ದೇ ಮಗನ ಮದುವೆಗೆ ಅಡ್ಡವಾಗಿ ನಿಂತಿತ್ತು, ಅದು ಬಿದ್ದದ್ದೇ ತಡ, ಮದುವೆ ಗಟ್ಟಿಯಾಯಿತು. ಅರ್ಥವಾದ ಮೇಲೆ ಅವನು ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಬಸಿಯನ್ನೂ ನೆಕ್ಕಿ, ಜೋರಾಗಿ ಉಸಿರು ಬಿಟ್ಟ. ಭಗವಂತ ನಡುವೆ ನಿಂತು ಯಾರ ಕಡೆ ನೋಡಿ ನಗಬೇಕೆಂದು ತಿಳಿಯದೆ ಎಮ್ಮೆಯ ಕಡೆ ನೋಡಿ ನಕ್ಕ.

ಬಣವೆಯಿಂದ ಕುರ್ಚಿಗಳು ಒಂದೊಂದಾಗಿ ಹೊರಬಂದವು. ಹೊರಸು ಬಂತು. ದೌಲತರಾಯರು ಕೊನೆಗೂ ಕೂರಬೇಕಾದಲ್ಲಿ ಕೂತರು, ಬೆನ್ನು ಚಾಚಿದರು. ಚಂದ್ರಾಮ ಬಿದ್ದ ಸಿವುಡುಗಳನ್ನು ಎಣಿಸುವಂತೆ ನೋಡುತ್ತ ಒಟ್ಟುಮಾಡಿದ. ಅವನ ಎಮ್ಮೆ ಅಷ್ಟರಲ್ಲಿ ಸಾಲದ ಒಂದು ಭಾಗವನ್ನು ತಾನೇ ವಸೂಲು ಮಾಡಿಕೊಂಡಿತ್ತು. ಗುರಮ್ಮ ಎಲ್ಲರ ಕಪ್ಪು ಬಸಿ ಎತ್ತಿಕೊಂಡು, ಕಟ್ಟೆಯ ಕೊನೆಯಲ್ಲಿ ಕೂತು ತೊಳೆಯತೊಡಗಿದಳು.

ಸಿಟ್ಟು ಇಳಿದ ದೌಲತರಾಯರಿಗೆ ಈಗ ದೊಡ್ಡತನ ಏರಿತು. ಅವರು ಪಟಗ ಸರಿಮಾಡಿಕೊಂಡರು.

“ಆಯ್ತು. ಸಂಬಂಧ ಗಟ್ಟಿ. ಆದ್ರ ಕಲ್ಲಿನಾಥ ಅವ್ರೇ, ನಮ್ಮ ಮನಿತನದಾಗ ಹೆಣ್ಣಿನ ಸಂಗಡ ಬಳುವಳಿ ಬರೋ ಪದ್ಧತಿ ಅದ. ಖಾಲಿ ಅಂಗಳಕ್ಕ ಮಗಳ್ನ ಕೊಟ್ಟೆ ಅಂತ ನನಗೂ ಮಾತು ಬರಬಾರದು. ನನ್ನ ಎಮ್ಮಿಗಳೊಳಗ ಎಲ್ಲಕ್ಕಿಂತ ಹೆಚ್ಚು ಹಿಂಡೋದನ್ನ, ಕರು ಸಮೇತ, ನಾನೇ ಗಾಡ್ಯಾಗ ಹೇರಿ ಕಳಸ್ತೇನಿ. ಹಿಡ್ಕೋರಿ.”

ಕಲ್ಲಿನಾಥನ ಮುಖ ಬೆಳಗಿತು. ಅವನ ಕಣ್ಣ ಮುಂದೆ ಅಂಗಳದ ಅದೇ ಜಾಗದಲ್ಲಿ ಇನ್ನೊಂದು ಬಣವೆ ಏಳತೊಡಗಿತ್ತು, ಈ ಸಲ ಒಳಗೂ ಕಣಿಕೆಯೇ. ವಿದ್ಯಾವತಿಯ ನಗು ಅರ್ಧಕ್ಕೆ ನಿಂತಿತು. ಕಲ್ಲಿನಾಥ ಎರಡೂ ಕೈ ಜೋಡಿಸಿ ಬಾಯಿ ತೆರೆದ.

ಗುರಮ್ಮ ತೊಳೆಯುತ್ತಿದ್ದ ಬಸಿಯಿಂದ ತಲೆ ಎತ್ತಲಿಲ್ಲ.

“ಒಲ್ಲೆವ್ರಿ,” ಎಂದಳು.